ಕುರ್ಚಿ ಕೊಡಬೇಡಿ

ಆ ಸಾಲುಮನೆಗಳ ಹೆಂಗಸರನ್ನು ಹೇಗಿದ್ದೀರಿ ಎಂದು ಒಂದು ಸಲ ಕೇಳಿದರೆ ಏನೂ ಗೊತ್ತಾಗುವುದಿಲ್ಲ. ಚೆನ್ನಾಗಿದೀವಿ ಅನ್ನುತ್ತಾರೆ. ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದರೂ ಚೆನ್ನಾಗಿದೀವಿ, ಬೆಳಗಿನಿಂದ ಒಲೆ ಹಚ್ಚಿರದಿದ್ದರೂ ಚೆನ್ನಾಗಿದೀವಿ. ಎರಡನೇ ಸಲ ಕೇಳಿದರೆ, ಹೀಗೇ ನಡೀತಾ ಇದೆ ಅನ್ನುತ್ತಾರೆ. ಕೇಳಿದವರು ಅಷ್ಟಕ್ಕೇ ಎದ್ದು ಹೋಗಬಾರದು. ಕೊಟ್ಟ ನೀರು ಕುಡಿಯಬೇಕು, ತಮ್ಮ ಮನೆಯದೊಂದು ಕಷ್ಟ ಹೇಳಿಕೊಳ್ಳಬೇಕು, ಆಮೇಲೆ ನಿಜ ಹೇಳೇ ಅಂತ ಮತ್ತೆ ಕೇಳಬೇಕು. ಆಗ ಬಾಯಿ ಬಿಡುತ್ತಾರೆ. ಬಿಟ್ಟರೆ ಸಂಜೆಯವರೆಗೂ ಮುಚ್ಚುವುದಿಲ್ಲ, ಆ ಮಾತು ಬೇರೆ. ಕೇಳಿದ ತಕ್ಷಣ ಗೋಳು ತೋಡಿಕೊಳ್ಳುವುದೆಂದರೆ ಅವರ ಪಾಲಿಗೆ ಬೀದಿಯಲ್ಲಿ ಕೈಚಾಚಿದ ಹಾಗೆ. ಅವರ ಹತ್ತಿರ ಹೊಲವಿರಲಿಲ್ಲ, ಮನೆಯಿರಲಿಲ್ಲ, ಕೈಚಾಚದ ಹಟವೊಂದಿತ್ತು. ಕೊನೆಗೆ ಅದೇ ಕುತ್ತಿಗೆಗೆ ಬಂತು.

ಸಾಲಿನವರೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಕಂಪನಿಯಲ್ಲಿ ತೊಟ್ಟಿ ಕೆಲಸದವರು. ದೊಡ್ಡಾಸ್ಪತ್ರೆಯ ಹಾಸು, ಹೊದಿಕೆ, ರೋಗಿಗಳ ಅಂಗಿ ಎಲ್ಲ ಲಾರಿಯಲ್ಲಿ ಬಂದು ಬೀಳುತ್ತಿದ್ದವು. ರಕ್ತ, ಕೀವು, ಹೇಲು. ಮೊದಲು ಅದನ್ನು ಕೈಯಲ್ಲಿ ಕೆದರಿ ಬೇರೆ ಮಾಡಬೇಕು. ಮಡಿಕೆಯೊಳಗೆ ಯಾರೋ ಮರೆತುಬಿಟ್ಟ ಸೂಜಿ ಇರುತ್ತಿತ್ತು, ಚುಚ್ಚಿದಾಗಲೇ ಗೊತ್ತಾಗುತ್ತಿತ್ತು. ಬೆರಳು ಬಾಯಲ್ಲಿಟ್ಟು ಚೀಪುವ ಹಾಗೂ ಇಲ್ಲ, ಆ ಬೆರಳನ್ನು. ಆಮೇಲೆ ಬ್ಲೀಚಿಂಗ್ ನೀರಿನ ತೊಟ್ಟಿ. ಬಿಸಿ ನೀರು, ಹೊಗೆಯಂಥ ಹಬೆ, ಕಣ್ಣಿಗೆ ಕಾರ ಎರಚಿದಂಥ ಉರಿ. ತೊಟ್ಟಿಯ ಕಟ್ಟೆ ಮೇಲೆ ನಿಂತು ಉದ್ದನೆಯ ಕೋಲಿನಿಂದ ಬಟ್ಟೆಯನ್ನು ಅದುಮಿ ಅದುಮಿ ತಿರುಗಿಸಬೇಕು. ನೀರು ಕುಡಿದ ಹಾಸು ಹೆಣದಷ್ಟು ಭಾರ. ಕೈಯ ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಉಗುರು ಮೆತ್ತಗಾಗುತ್ತಿತ್ತು. ತೊಟ್ಟಿಮನೆಗೆ ಕಿಟಕಿಗಳಿದ್ದವು. ಆದರೆ ರಸ್ತೆಯ ಧೂಳು ಬಂದು ಒಗೆದ ಬಟ್ಟೆ ಮಾಸುತ್ತದೆಂದು ಅವಕ್ಕೆಲ್ಲ ಮೊಳೆ ಹೊಡೆದುಬಿಟ್ಟಿದ್ದರು. ಬಟ್ಟೆ ಬೆಳ್ಳಗಿರಲಿ ಅಂತ ಗಾಳಿ ನಿಲ್ಲಿಸಿದವರು, ಒಳಗೆ ಉಸಿರಾಡುವವರೂ ಇದ್ದಾರೆ ಅಂತ ಒಂದು ಗಳಿಗೆ ಯೋಚಿಸಲಿಲ್ಲ.

ಆ ಕೋಲು ಹಿಡಿದೇ ತಲೆ ನೆರೆತವಳು ಕೋಲಕ್ಕ. ಹೆತ್ತವರಿಟ್ಟ ಹೆಸರು ಅವಳಿಗೇ ಮರೆತುಹೋಗಿತ್ತು. ಮನೆಯಲ್ಲಿ ಮುದುಕಿ ಅವ್ವ, ಮತ್ತೆ ತಂಗಿ. ತಂಗಿ ಕೂಸಾಗಿದ್ದಾಗ ಅವಳಿಗೆ ಎದೆ ಹಾಲು ಬಿಟ್ಟರೆ ಉಳಿದದ್ದನ್ನೆಲ್ಲ ಮಾಡಿದವಳು ಕೋಲಕ್ಕನೇ. ಅವಳನ್ನು ಕೈಹಿಡಿದು ತೊಟ್ಟಿಮನೆಗೆ ಕರೆದುಕೊಂಡು ಹೋಗಿ, ಕೋಲು ಹೀಗೆ ಹಿಡೀಬೇಕು ಅಂತ ಕಲಿಸಿದವಳೂ ಕೋಲಕ್ಕನೇ. ಈಗ ತಂಗಿ ಕೆಮ್ಮುತ್ತಿದ್ದಳು. ಮೊದಮೊದಲು ಕೆಲಸದ ಹೊತ್ತಿಗೆ, ಆಮೇಲೆ ಮನೆಯಲ್ಲೂ, ಆಮೇಲೆ ಮೆಟ್ಟಿಲು ಹತ್ತಿದರೂ. ಕೆಮ್ಮಿದಾಗ ಪಕ್ಕೆಯೆಲುಬುಗಳು ಬಟ್ಟೆಯ ಮೇಲಿಂದಲೇ ಕಾಣುತ್ತಿದ್ದವು. ತೊಟ್ಟಿಯಿಂದ ಬಂದ ಕಾಯಿಲೆ ಎಂದು ಕಂಪನಿ ಒಪ್ಪಿಕೊಂಡರೆ ಮಾತ್ರ ದೊಡ್ಡಾಸ್ಪತ್ರೆಗೆ ಸೇರಿಸುತ್ತಾರೆ, ಕಿಟಕಿಯ ಮೊಳೆಯನ್ನೂ ಕೀಳುತ್ತಾರೆ. ಮೇಸ್ತ್ರಿಯನ್ನು ಕೇಳಿದರೆ, ಹವಾ ಬದಲಾದದ್ದಕ್ಕೆ ಕೆಮ್ಮು, ಅದಕ್ಕೆ ಕಂಪನಿ ಏನು ಮಾಡಬೇಕು ಅಂದ. ಆ ಆಸ್ಪತ್ರೆಯ ಮಂಚಕ್ಕೆ ಹಾಸು ತೊಳೆದು ಕಳಿಸುವವಳಿಗೆ ಅಲ್ಲೊಂದು ಮಂಚ ಸಿಗುವ ದಾರಿ ಕಾಣಲಿಲ್ಲ.

ಅಷ್ಟರಲ್ಲಿ ಸರ್ವೆಯವರು ಬರುತ್ತಾರೆಂಬ ಸುದ್ದಿ ಬಂತು. ತೊಟ್ಟಿಮನೆಯಲ್ಲಿ ಯಾರೋ ಒಬ್ಬಳು ತಲೆ ಸುತ್ತಿ ಬಿದ್ದ ಸಂಗತಿ ಆಸ್ಪತ್ರೆಯ ದೊಡ್ಡವರ ಕಿವಿಗೆ ಬಿದ್ದಿತ್ತಂತೆ. ಕೆಲಸದವರನ್ನೇ ಕೇಳಿ ತಿಳಿದುಕೊಳ್ಳಿ ಎಂದು ಅವರು ಒಬ್ಬ ಮೇಡಮ್ಮನ್ನು ಕಳಿಸಿದರು. ಆಕೆ ಕೆಟ್ಟವಳಲ್ಲ. ಮೇಸ್ತ್ರಿಯ ಎದುರು ಕೇಳಿದರೆ ಹೆದರುತ್ತಾರೆ, ಮನೆಗೇ ಹೋಗಿ ಕೇಳುತ್ತೇನೆ ಎಂದು ಹಟ ಹಿಡಿದು ಬಂದವಳು. ಒಳ್ಳೆಯ ಮನಸ್ಸಿನಿಂದಲೇ ಬಂದಳು. ಎಡವಟ್ಟಾದದ್ದೂ ಅಲ್ಲೇ. ತೊಟ್ಟಿಯ ಹತ್ತಿರ ನಿಂತು ಕೇಳಿದ್ದರೆ ಕೆಮ್ಮೇ ಉತ್ತರ ಹೇಳುತ್ತಿತ್ತು. ಮನೆಗೆ ಬಂದಳು, ನೆಂಟಳಾದಳು.

ಸಾಲಿನಲ್ಲಿದ್ದದ್ದೇ ಒಂದು ಕುರ್ಚಿ. ಪ್ಲಾಸ್ಟಿಕ್ಕಿನದು, ಒಂದು ಕಾಲಿಗೆ ತಂತಿ ಸುತ್ತಿದ್ದು. ಯಾರ ಮನೆಗೆ ಹೊಸಬರು ಬಂದರೂ ಅದು ಅವರ ಮನೆಗೆ ಓಡುತ್ತಿತ್ತು. ಆ ದಿನ ಅದು ಮೇಡಂನ ಹಿಂದೆಯೇ ಮನೆಯಿಂದ ಮನೆಗೆ ತಿರುಗಿತು. ಕೋಲಕ್ಕನ ಮನೆಗೆ ಬಂದಾಗ ಅವ್ವ ಅದನ್ನು ಬಟ್ಟೆಯಿಂದ ಒರೆಸಿ ಹಾಕಿದಳು. ತಂಗಿ ಇದ್ದುದರಲ್ಲಿ ಒಳ್ಳೆಯ ಲೋಟ ತೊಳೆದು ನೀರು ತಂದಳು. ನಾಲ್ಕೂ ಗೋಡೆಗಳು ಮೊಣಕಾಲಿಗೆ ತಾಕುವಂಥ ಆ ಕೋಣೆಯಲ್ಲಿ ಮೇಡಂ ಕುರ್ಚಿಯ ಮೇಲೆ, ಮೂವರು ನೆಲದ ಮೇಲೆ.

ಕೆಲಸದ ಹೊತ್ತಿಗೆ ಉಸಿರು ಕಟ್ಟುತ್ತದೆಯೇ, ಕಣ್ಣು ಉರಿಯುತ್ತದೆಯೇ, ಕೆಮ್ಮು ಬರುತ್ತದೆಯೇ. ಯಾವಾಗಲೂ, ಆಗಾಗ, ಎಂದೂ ಇಲ್ಲ: ಮೂರರಲ್ಲಿ ಒಂದು ಹೇಳಬೇಕು.

"ಎಂದೂ ಇಲ್ಲ ಮೇಡಂ" ಅಂದಳು ತಂಗಿ. ಅಂದು ತುಟಿ ಬಿಗಿದುಕೊಂಡಳು. ಅವಳ ಗಂಟಲಲ್ಲಿ ಕೆಮ್ಮು ಎದ್ದದ್ದು ಕೋಲಕ್ಕನಿಗೆ ಕಂಡಿತು. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು, ತಲೆಗೆ ಕಟ್ಟಿದ್ದ ಬಟ್ಟೆಯ ಚುಂಗನ್ನು ಬಾಯಿಗೊತ್ತಿ ನಾಚಿಕೊಂಡವಳ ಹಾಗೆ ನಕ್ಕಳು. ಮೇಡಂ ಕೂಡ ನಕ್ಕು ಬರೆದುಕೊಂಡಳು.

ಕೋಲಕ್ಕನ ಸರದಿ ಬಂತು. ಹೇಳಿಬಿಡಬೇಕು ಅಂತ ಹಿಂದಿನ ದಿನದಿಂದ ಅಂದುಕೊಂಡಿದ್ದಳು. ಬಾಯಿಗೆ ಬಂದದ್ದು ಮಾತ್ರ, ಚೆನ್ನಾಗಿದೀವಿ ಮೇಡಂ, ಏನೂ ತೊಂದರೆ ಇಲ್ಲ. ಅವಳ ಎಣಿಕೆ ಏನೆಂದರೆ ಇದು ಮೊದಲನೇ ಸಲ. ಈಕೆ ಇನ್ನೊಂದು ಸಲ ಕೇಳುತ್ತಾಳೆ, ಆಗ ಸ್ವಲ್ಪ ಹೇಳಬಹುದು, ಮತ್ತೂ ಕೇಳಿದರೆ ಎಲ್ಲಾ ಹೇಳಬಹುದು. ಆದರೆ ಮೇಡಂ ಮುಂದಿನ ಪ್ರಶ್ನೆಗೆ ಹೋಗಿದ್ದಳು. ಅವು ವಿಚಿತ್ರ ಪ್ರಶ್ನೆಗಳು. ನೀವು ಯಾವತ್ತಾದರೂ ಸುಳ್ಳು ಹೇಳಿದ್ದೀರಾ, ಮನೆಯವರ ಮೇಲೆ ಸಿಟ್ಟು ಮಾಡಿಕೊಂಡಿದ್ದೀರಾ, ಬೇರೆಯವರನ್ನು ಕಂಡು ಹೊಟ್ಟೆ ಉರಿದಿದೆಯಾ. ಮುಖ ಪರಿಚಯವಾಗಿ ಗಳಿಗೆಯಾಗಿಲ್ಲ, ಕೇಳುವ ಮಾತೇ ಇದು ಅಂತ ಅವ್ವನ ಹುಬ್ಬು ಗಂಟಾಯಿತು. ಇಲ್ಲವೇ ಇಲ್ಲ ಅಂದರು ಮೂವರೂ. ಇನ್ನೇನು, ನಾವು ಸುಳ್ಳುಬುರುಕಿಯರು, ಜಗಳಗಂಟಿಯರು, ಹೊಟ್ಟೆಕಿಚ್ಚಿನವರು ಬನ್ನಿ ಅಂತ ನೆಂಟರಿಗೆ ಹೇಳುವುದುಂಟೇ.

ಮೇಡಂ ಎದ್ದಳು. ಎರಡನೇ ಸಲ ಕೇಳಲೇ ಇಲ್ಲ. ಕೋಲಕ್ಕ ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಹೋದಳು. ಗಲ್ಲಿಯ ಕೊನೆಯವರೆಗೆ ಹೋದಳು, ಬಸ್ ನಿಲ್ಲುವ ಜಾಗದವರೆಗೂ ಹೋದಳು. ದಾರಿಯಲ್ಲಾದರೂ ಕೇಳುತ್ತಾಳೆ ಅಂತ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿದಳು ಆಕೆ, ಬಸ್ಸು ಬಂತು, ಹತ್ತಿದಳು. ಕೋಲಕ್ಕ ಮನೆಗೆ ಬಂದಾಗ ತಂಗಿ ನೆಲಕ್ಕೆ ಕೈಯೂರಿ ಕೆಮ್ಮುತ್ತಿದ್ದಳು. ತಡೆಹಿಡಿದದ್ದೆಲ್ಲ ಒಟ್ಟಿಗೆ ಬರುತ್ತಿತ್ತು. ಬಟ್ಟೆಯ ಚುಂಗಿನಲ್ಲಿ ರಕ್ತ ಇತ್ತು. ಬೇರೆಯವರ ರಕ್ತವನ್ನು ದಿನವೂ ತೊಳೆಯುವವಳು ಆ ದಿನ ಮನೆಯವರ ರಕ್ತ ತೊಳೆದಳು.

ಸರ್ವೆ ಮುಗಿದ ಮೇಲೆ, ಒಗೆದ ಬಟ್ಟೆಗೆ ಇಸ್ತ್ರಿ ಹಾಕುವ ಪಕ್ಕದ ಇಸ್ತ್ರಿಮನೆಗೆ ಫ್ಯಾನು ಬಂತು. ಅಲ್ಲಿಯ ಕಿಟಕಿಗಳಿಗೂ ಹೊಡೆದಿದ್ದ ಮೊಳೆ ಕಿತ್ತರು. ತೊಟ್ಟಿಮನೆಗೆ ಬಂದದ್ದು ಒಂದು ಬೋರ್ಡು. ಅತ್ಯಂತ ಸಂತೃಪ್ತ ವಿಭಾಗ ಎಂದು ಬಣ್ಣದಲ್ಲಿ ಬರೆದದ್ದು. ಹಬೆಗೆ ಬಣ್ಣ ಇಳಿಯುತ್ತದೆಂದು ಅದನ್ನು ಹೊರಗಿನ ಗೋಡೆಗೆ ಹೊಡೆದರು.

ಇಸ್ತ್ರಿಮನೆಯವರು ಬೇರೆ ಕಡೆಯಿಂದ ದುಡಿಯಲು ಬಂದ ಜನ. ಅವರ ರೀತಿಯೇ ಬೇರೆ. ಹೇಗಿದೀಯ ಅಂದರೆ ಮಂಡಿನೋವಿನಿಂದ ಶುರು ಮಾಡುತ್ತಾರೆ. ಕಷ್ಟ ಹೇಳಿಕೊಳ್ಳದವರನ್ನು ಅವರು ಗರ್ವದವರು ಅನ್ನುತ್ತಾರೆ. ಅವರಲ್ಲೊಬ್ಬಳಿಗೆ ಡಂಗುರ ಎಂದೇ ಹೆಸರು, ಪಿಸುಮಾತು ಆಡಿದರೂ ಆಚೆ ಬೀದಿಗೆ ಕೇಳುವಂಥ ಗಂಟಲು. ನಲ್ಲಿಯ ಹತ್ತಿರ ಅವಳು ಕೋಲಕ್ಕನನ್ನು ಹಿಡಿದುಕೊಂಡಳು.

"ನಾನಂತೂ ಅವಳು ಕೇಳೋಕೆ ಮುಂಚೇನೇ ಶುರು ಮಾಡಿದೆ. ತಲೆನೋವು, ಸೊಂಟ, ಸುಟ್ಟ ಕೈ, ನನ್ನ ಗಂಡನ ಗೊರಕೇನೂ ಸೇರಿಸಿಬಿಟ್ಟೆ. ನೀವೇನೇ, ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ? ನಿಮ್ಮ ಮರ್ಯಾದೆಗೆ ಬೆಂಕಿ ಬೀಳ."

ಕೋಲಕ್ಕ ಕೊಡ ಎತ್ತಿಕೊಂಡು ಬಂದಳು. ಡಂಗುರದ ಮೇಲೆ ಸಿಟ್ಟು ಬರಲಿಲ್ಲ. ಫ್ಯಾನು ಅವರಿಗೂ ಬೇಕಿದ್ದದ್ದೇ.

ತಂಗಿಗೆ ಕೋಲು ಎತ್ತಲಾಗದ ದಿನ ಬಂತು. ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಳು, ಕೋಲು ನೀರಿಗೆ ಬಿತ್ತು. ಮೇಸ್ತ್ರಿ ಎಲ್ಲರ ಎದುರಿಗೆ ಅವಳನ್ನು ನಾಟಕದವಳು ಅಂದ. ಕೆಮ್ಮು ಎಂದೂ ಇಲ್ಲ ಅಂತ ನಿನ್ನ ಬಾಯಲ್ಲೇ ಹೇಳಿದ್ದೀಯಲ್ಲ, ಮೇಡಂ ಬರೆದದ್ದೆಲ್ಲಾ ಕಂಪನಿಗೆ ಬಂದಿದೆ, ಈಗ ಆಸ್ಪತ್ರೆಯ ಆಸೆಗೆ ಕೆಮ್ಮು ಬಂತಾ ಅಂದ. ತಂಗಿ ತಲೆ ಬಗ್ಗಿಸಿದಳು. ಅವಳಿಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಸುಳ್ಳುಗಾತಿ ಅನ್ನಿಸಿಕೊಂಡು ಅವಳು ಅಕ್ಕನ ತೋಳು ಹಿಡಿದು ಹೊರಗೆ ಬಂದವಳು ಮತ್ತೆ ಒಳಗೆ ಹೋಗಲಿಲ್ಲ. ಜನ ಕಿಕ್ಕಿರಿದಿದ್ದ ಧರ್ಮಾಸ್ಪತ್ರೆಯ ಡಾಕ್ಟರು ಎದೆಗೆ ಕಿವಿಗೊಟ್ಟು, ಒಳಗೆಲ್ಲಾ ಸುಟ್ಟಿದೆ, ದೊಡ್ಡಾಸ್ಪತ್ರೆಗೆ ಬೇಗ ಹೋಗಿ ಎಂದರು. ಎಷ್ಟು ಬೇಗ ಅಂತ ಕೋಲಕ್ಕ ಕೇಳುವಷ್ಟರಲ್ಲಿ ಅವರು ಮುಂದಿನವರನ್ನು ಕರೆದರು.

ಮೇಡಂನ ಆಫೀಸು ಹುಡುಕಿಕೊಂಡು ಹೋದಳು ಕೋಲಕ್ಕ. ನುಣುಪು ನೆಲ, ಗಾಜಿನ ಬಾಗಿಲು. ಕೈಯ ಸುಲಿದ ಚರ್ಮ ಕಾಣದಿರಲಿ ಅಂತ ಮುಷ್ಟಿ ಕಟ್ಟಿಕೊಂಡು ನಿಂತಳು. ಆಮೇಲೆ ತನಗೇ ನಾಚಿಕೆಯಾಗಿ ಬಿಚ್ಚಿ ತೋರಿಸಿದಳು. ನಾವು ಹೇಳಿದ್ದು ನಿಜವಲ್ಲ, ತಂಗಿ ಸಾಯುತ್ತಿದ್ದಾಳೆ, ಬರೆದದ್ದನ್ನು ತಿದ್ದಿ ಅಂದಳು. ಮೇಡಂ ಕೈ ನೋಡಿ ಕಣ್ಣು ಕೆಳಗೆ ಹಾಕಿದಳು. ನೀವು ಹೇಳಿದ್ದನ್ನು ನಾವೂ ನಂಬಲಿಲ್ಲ ಅಂದಳು.

"ಜೀವಮಾನದಲ್ಲಿ ಒಂದು ಸುಳ್ಳೂ ಹೇಳಿಲ್ಲ, ಸಿಟ್ಟೇ ಬಂದಿಲ್ಲ ಅಂದ್ರಲ್ಲ ನೀವೆಲ್ಲ. ಒಳ್ಳೆಯವರು ಅನ್ನಿಸಿಕೊಳ್ಳೋಕೆ ಉತ್ತರ ಕೊಡ್ತಿದಾರೋ ಇಲ್ವೋ ಅಂತ ನೋಡೋಕೇ ಆ ಪ್ರಶ್ನೆ ಇಟ್ಟಿರ್ತೀವಿ. ನಿಮ್ಮ ಜನ ಎಲ್ಲಾರೂ ಹಾಗೇ ಹೇಳಿದ್ರಿ. ಅದಕ್ಕೆ ನಿಮ್ಮ ಸಾಲಿನ ಉತ್ತರಗಳನ್ನೆಲ್ಲ ಲೆಕ್ಕದಿಂದ ತೆಗೆದುಬಿಟ್ವಿ."

ಕೋಲಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಂಪನಿಯವರು ಅದನ್ನೇ ನಿಜ ಅಂತ ಹಿಡಿದುಕೊಂಡಿದ್ದರು. ಇವರು ಅದನ್ನೇ ಸುಳ್ಳು ಅಂತ ಬಿಸಾಡಿದ್ದರು. ಎರಡು ಕಡೆಯಲ್ಲೂ ತಂಗಿಯ ಕೆಮ್ಮು ಇರಲಿಲ್ಲ.

"ನಂಬಲಿಲ್ಲ ಅಂದ್ಮೇಲೆ ಇನ್ನೊಂದು ಸಲ ಯಾಕೆ ಕೇಳ್ಲಿಲ್ಲ ಮೇಡಂ?"

ಎಲ್ಲರಿಗೂ ಒಂದೇ ಥರ, ಒಂದೇ ಸಲ ಕೇಳಬೇಕೆಂಬುದು ನಿಯಮ ಎಂದಳು ಮೇಡಂ. ಹಾಗಾದರೆ ಈಗ ಕೇಳಿ, ಎದುರಿಗೇ ನಿಂತಿದ್ದೇನೆ ಅಂದಳು ಕೋಲಕ್ಕ. ಅದು ತನ್ನೊಬ್ಬಳ ಕೈಯಲ್ಲಿಲ್ಲ, ಮೇಲಿನವರಿಗೆ ಬರೆಯುತ್ತೇನೆ ಎಂದು ಮೇಡಂ ಎದ್ದು ಬಾಗಿಲವರೆಗೂ ಬಂದಳು. ಅಲ್ಲಿ, ಯಾರನ್ನಾದರೂ ಬೀಳ್ಕೊಡುವಾಗ ಕೇಳುವ ಹಾಗೆ, ಮನೇಲಿ ಅಮ್ಮ ಹೇಗಿದಾರೆ ಅಂತ ಕೇಳಿದಳು.

ಚೆನ್ನಾಗಿದಾರೆ ಮೇಡಂ, ಎಲ್ಲಾ ಚೆನ್ನಾಗಿದೀವಿ ಅಂದಳು ಕೋಲಕ್ಕ.

ಮೆಟ್ಟಿಲು ಇಳಿಯುವಾಗ ಕೇಳಿಸಿತು ಅವಳಿಗೆ, ತಾನೇನು ಹೇಳಿದೆ ಎಂದು. ಅಲ್ಲೇ ನಿಂತು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಗುಡಿಸುವವನೊಬ್ಬ ಪೊರಕೆ ನಿಲ್ಲಿಸಿ ನೋಡಿದ. ಇನ್ನೊಮ್ಮೆ ಹೊಡೆದುಕೊಂಡಳು.

ಮೇಲಿನವರಿಂದ ಉತ್ತರ ಬರುವಷ್ಟರಲ್ಲಿ ತಂಗಿ ಪೂರ್ತಿ ಹಾಸಿಗೆ ಹಿಡಿದಿದ್ದಳು. ಮಲಗಿದರೆ ಉಸಿರಿಲ್ಲ, ಗೋಡೆಗೆ ಒರಗಿಯೇ ಇರಬೇಕು. ಲೆಕ್ಕದಿಂದ ಬಿಟ್ಟುಹೋದ ಸಾಲಿನವರನ್ನು ಮತ್ತೊಮ್ಮೆ ಕೇಳುವುದೆಂದು ಆಯಿತಂತೆ. ಅದಕ್ಕೆ ಮೊದಲು ಮೇಸ್ತ್ರಿ ಸಾಲಿಗೆ ಬಂದ. ಮೇಡಂ ಕೇಳಿದರೆ ಹಿಂದೆ ಹೇಳಿದ್ದನ್ನೇ ಹೇಳಬೇಕು, ಮನೆಗಳು ಕಂಪನಿಯವು ಅನ್ನುವುದು ನೆನಪಿರಲಿ ಅಂದ. ಅವನನ್ನೂ ಆ ತಂತಿ ಸುತ್ತಿದ ಕುರ್ಚಿಯ ಮೇಲೆಯೇ ಕೂರಿಸಿದ್ದರು. ನೀರು ಕೊಟ್ಟಿದ್ದರು. ಆಗಲಿ ಅಂದಿದ್ದರು.

ಅವನು ಹೋದ ಮೇಲೆ ಕೋಲಕ್ಕ ಮನೆಮನೆಗೆ ಹೋದಳು. ಈ ಸಲ ಹೇಳದಿದ್ದರೆ ನನ್ನ ತಂಗಿ ಸಾಯುತ್ತಾಳೆ, ಆಮೇಲೆ ನಿಮ್ಮ ತಂಗಿ ಅಂದಳು. ಹೆದರಿದವರು ಹೆದರಿದರು, ಕೆಲವರು ಬಾಗಿಲು ಹಾಕಿಕೊಂಡರು. ಒಪ್ಪಿದವರಿಗೆ ಇನ್ನೊಂದು ಕಷ್ಟ. ಹೇಳುವುದು ಹೇಗೆ? ನಲ್ಲಿಯ ಹತ್ತಿರ ಡಂಗುರ ಮೇಡಂ ಆದಳು, ಬಕೆಟ್ ಬೋರಲು ಹಾಕಿ ಕೂತು, ಒಬ್ಬೊಬ್ಬರನ್ನೇ ಕರೆದು ಕೇಳಿದಳು. ಹೇಗಿದೀಯಮ್ಮ? ಚೆನ್ನಾಗಿ, ಅನ್ನುವಷ್ಟರಲ್ಲಿ ನೀರು ಎರಚಿದಳು. ಕೆಮ್ಮು ಇದೆಯಾ? ಇಲ್ಲ ಮೇಡಂ. ಮತ್ತೆ ನೀರು. ಒಬ್ಬಳು ಗಟ್ಟಿ ಮನಸ್ಸು ಮಾಡಿ, ಇದೆ ಮೇಡಂ ಅಂದವಳು, ಆದರೆ ಅಷ್ಟೇನಿಲ್ಲ ಅಂತ ಸೇರಿಸಿದಳು. ಮೈಯೆಲ್ಲ ಒದ್ದೆಯಾಗಿ ಎಲ್ಲರೂ ನಕ್ಕರು. ನಗುತ್ತಾ ನಗುತ್ತಾ ಒಬ್ಬಳು ಅತ್ತಳು. ನಮ್ಮ ಕೈಲಾಗಲ್ಲ ಕಣೇ, ಮನೆಗೆ ಬಂದವರ ಎದೆ ಮೇಲೆ ನಮ್ಮ ಗೋಳು ಸುರಿಯೋದು ಹೇಗೆ ಅಂದಳು.

ನಲ್ಲಿಗೆ ಎದುರಾಗಿ ತಮ್ಮ ಹೊಸ್ತಿಲ ಮೇಲೆ ಕೂತಿದ್ದ ಅವ್ವ ಅಲ್ಲಿಯವರೆಗೂ ಮಾತಾಡಿರಲಿಲ್ಲ. ಮಕ್ಕಳಿಗೆಲ್ಲ ಆ ಮರ್ಯಾದೆ ಕಲಿಸಿದ್ದೇ ಅವಳು. ಒಳಗೆ ಮಗಳ ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ಅವ್ವ ಅದನ್ನು ಕೇಳುತ್ತಾ ಕೂತಿದ್ದವಳು ಹೇಳಿದಳು.

"ಕುರ್ಚಿ ಕೊಡಬೇಡಿ."

ಯಾರಿಗೂ ಅರ್ಥವಾಗಲಿಲ್ಲ.

"ಕೂತ್ರೆ ನೆಂಟಳು. ನೀರು ಕುಡಿದ್ರೆ ನೆಂಟಳು. ನೆಂಟರಿಗೆ ಹೇಳೋಕೆ ನಮಗೆ ಬಾಯಿ ಬರಲ್ಲ. ಹೊರಗೆ ನಿಲ್ಲಿಸಿ ಅವಳನ್ನ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಹೊಡಿ ಬಡಿ ಅಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಬಂದವರನ್ನು ನಿಲ್ಲಿಸಿಯೇ ಮಾತಾಡಿಸುವುದು, ಅದೂ ಬಿಸಿಲಿನಲ್ಲಿ, ಅದೂ ಈ ಮುದುಕಿಯ ಬಾಯಿಂದ. ಕೋಲಕ್ಕ ಹೋಗಿ ಕುರ್ಚಿ ತಂದು ತನ್ನ ಮನೆಯೊಳಗೆ ಬೋರಲು ಹಾಕಿದಳು.

ಮೇಡಂ ಬಂದ ದಿನ ಉರಿ ಬಿಸಿಲು. ಅವಳ ಜೊತೆ ಮೇಸ್ತ್ರಿಯೂ ಬಂದಿದ್ದ, ದಾರಿ ತೋರಿಸುವ ನೆಪದಲ್ಲಿ. ಗಲ್ಲಿಯಲ್ಲಿ ಹೆಂಗಸರು ತಮ್ಮ ತಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ಬನ್ನಿ ಅನ್ನಲಿಲ್ಲ. ಮೇಡಂ ನಗುತ್ತಾ ಅತ್ತಿತ್ತ ನೋಡಿದಳು, ಆ ಕುರ್ಚಿ ಎಲ್ಲಿ ಅಂತ ಹುಡುಕುವವಳ ಹಾಗೆ. ಕುತ್ತಿಗೆಯ ಬೆವರು ಒರೆಸಿಕೊಂಡಳು. ಕೆಲವು ಹೆಂಗಸರು ಒಳಗೆ ಹೋಗಿ ನೀರು ತರಲು ತುದಿಗಾಲಾದರು. ಆದರೂ ನಿಂತರು. ತಡೆದುಕೊಂಡು ನಿಂತದ್ದು ಅವರ ಜೀವಮಾನದಲ್ಲೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಕೋಲಕ್ಕನ ಬಾಗಿಲಿಗೆ ಬಂದಳು ಮೇಡಂ. ಒಳಗೆ ತಂಗಿಗೆ ಧ್ವನಿ ಕೇಳಿಸಿತು. ನೆಂಟರು ಬಂದದ್ದು ಗೊತ್ತಾಗಿ, ಗೋಡೆ ಹಿಡಿದು ಎದ್ದು, ಬೋರಲು ಬಿದ್ದ ಕುರ್ಚಿಯನ್ನು ನೆಟ್ಟಗೆ ಮಾಡಲು ಕೈಚಾಚಿದಳು. ಅದನ್ನೂ ಎತ್ತಲಾಗಲಿಲ್ಲ. ತಂತಿ ಸುತ್ತಿದ ಕಾಲು ನೆಲಕ್ಕೆ ಉಜ್ಜಿ ಸದ್ದಾಯಿತು. ಕೋಲಕ್ಕ ಒಳಗೆ ಹೋಗಿ ಆ ಕೈ ಬಿಡಿಸಿದಳು.

"ಕೂತ್ಕೊಳ್ಳೋಕೆ ಹೇಳಕ್ಕ, ಪಾಪ ಬಿಸಿಲು" ಅಂದಳು ತಂಗಿ. ಅಷ್ಟಕ್ಕೇ ಉಸಿರು ಮುಗಿಯಿತು.

ಹೊಸ್ತಿಲಿನಲ್ಲಿ ಅವ್ವ ಎದ್ದು ನಿಂತಿದ್ದಳು. ಹೇಗಿದೀರಿ ಅಮ್ಮ ಅಂತ ಮೇಡಂ ಕೇಳಿದಳು. ಒಂದು ಸಲ. ಅವ್ವನ ತುಟಿ ಅಲುಗಿತು. ಅಭ್ಯಾಸದ ಮಾತು ತುಟಿಯವರೆಗೆ ಬಂದದ್ದನ್ನು ಎಲ್ಲರೂ ನೋಡಿದರು. ಅವ್ವ ಅದನ್ನು ನುಂಗಿದಳು.

"ಚೆನ್ನಾಗಿಲ್ಲ. ನನ್ನ ಮಗಳನ್ನ ನಿಮ್ಮ ಬಟ್ಟೆ ತಿಂತು."

ಮೇಸ್ತ್ರಿ ಮುಂದೆ ಬಂದ. ಮುದುಕಿಗೆ ಅರಳುಮರಳು, ಮುಂದಿನ ಮನೆಗೆ ಹೋಗೋಣ ಅಂದ. ಪಕ್ಕದ ಬಾಗಿಲಿನವಳು, ನನಗೂ ಎದೆ ಉರಿ ಅಂದಳು. ಅವಳ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಡಂಗುರ ದೂರದಿಂದ, ಗಟ್ಟಿಯಾಗಿ ಹೇಳೇ ಅಂದಳು. ಅವಳು ಗಟ್ಟಿಯಾಗಿ ಹೇಳಿದಳು. ಇನ್ನೊಬ್ಬಳು ಕೇಳದೆಯೇ ಎರಡೂ ಅಂಗೈ ಮುಂದೆ ಹಿಡಿದಳು. ಇಬ್ಬರು ಮೂವರು ಬಾಗಿಲು ಹಾಕಿಕೊಂಡು ಒಳಗೆ ಹೋದರು. ನಾಳೆಯಿಂದ ಒಬ್ಬರೂ ತೊಟ್ಟಿಮನೆಗೆ ಕಾಲಿಡಬೇಡಿ, ಮನೆಯನ್ನೂ ಖಾಲಿ ಮಾಡಿ ಅಂತ ಮೇಸ್ತ್ರಿ ಕೂಗಿದ. ಮೊಳೆ ಹೊಡೆದ ಕಿಟಕಿಯ ಹಿಂದೆ ನೀನೇ ಬಂದು ಕೋಲು ತಿರುಗಿಸು ಅಂದಳು ಕೋಲಕ್ಕ. ಅವನ ಮುಖ ನೋಡಿ ಹೇಳಿದಳು, ಮೊಟ್ಟಮೊದಲ ಸಲ.

ಮೇಡಂ ಒಳಗೆ ಇಣುಕಿದಳು. ಗೋಡೆಗೊರಗಿದ್ದ ತಂಗಿ ಅವಳನ್ನು ಕಂಡು ನಕ್ಕಳು. ಬಟ್ಟೆಯ ಚುಂಗು ಆಗಲೇ ಬಾಯಲ್ಲಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಕುತ್ತಿಗೆಯ ನರಗಳು ಹಗ್ಗದ ಹಾಗೆ ಬಿಗಿದಿದ್ದವು, ಆದರೂ ತಡೆಹಿಡಿದಿದ್ದಳು. ಕೋಲಕ್ಕ ಅವಳ ಪಕ್ಕ ಕೂತು, ಬೆರಳು ಹಾಕಿ, ಆ ಬಟ್ಟೆಯನ್ನು ಬಾಯಿಂದ ಎಳೆದು ತೆಗೆದಳು.

"ಕೆಮ್ಮು ಪುಟ್ಟಿ. ತಡೀಬೇಡ. ಅವರ ಮುಂದೇನೇ ಕೆಮ್ಮು."

ತಂಗಿ ಬೇಡವೆಂದು ತಲೆಯಾಡಿಸಿದಳು. ಆಮೇಲೆ ತಡೆಯಲಾಗಲಿಲ್ಲ. ಕೆಮ್ಮು ಗಲ್ಲಿಯ ಈ ತುದಿಯಿಂದ ಆ ತುದಿಗೆ ಕೇಳಿಸಿತು. ಬಾಗಿಲು ಹಾಕಿಕೊಂಡಿದ್ದವರೂ ತೆಗೆದು ನೋಡಿದರು. ಮೇಡಂನ ಪೆನ್ನು ನಿಂತಲ್ಲೇ ನಿಂತಿತ್ತು. ಆಕೆ ಗೋಡೆಗೆ ಕೈಯೂರಿ, ಕೂರಲು ಏನಾದರೂ ಇದೆಯಾ ಎಂದು ಸುತ್ತ ನೋಡಿದಳು. ತಂಗಿ ಕೆಮ್ಮುತ್ತಲೇ ಇದ್ದಳು. ಯಾರೂ ಮೇಡಮ್ಮಿಗೆ ಕೂತ್ಕೊಳ್ಳಿ ಅನ್ನಲಿಲ್ಲ.